‘ಕುಂದೇಟಿ ಕೊಮ್ಮು’ – ಕನ್ನಡದಲ್ಲಿ ಏನಂತಾರೆ?

ನಮ್ಮ ಮನೆಯ ಕುಂಡದಲ್ಲಿ ಎರಡು ವರ್ಷದಿಂದ ಒಂದು ಗಿಡ ಇದೆ. ಬಾಗೇಪಲ್ಲಿ ಕಡೆಯ ಬಂಡೆಗುಡ್ಡದಿಂದ ಯಾರೋ ತಂದುಕೊಟ್ಟ ತುಂಡು ಅದು. ಹೆಸರು ಅವರಿಗೂ ಗೊತ್ತಿರಲಿಲ್ಲ. ಎಲೆ ಇಲ್ಲ, ಮುಳ್ಳೂ ಇಲ್ಲ. ನಾಲ್ಕು ಏಣಿನ ಹಸಿರು ಕಾಂಡ, ತುದಿಗೆ ಹೋಗ್ತಾ ಸಣ್ಣಗಾಗುತ್ತದೆ. ಮಳೆ ಬಿದ್ದ ಮೇಲೆ ಆ ತುದಿಯಲ್ಲಿ ಪುಟ್ಟ ಹೂಗಳು ಬಂದವು. ಐದು ಎಸಳು, ನೇರಳೆ ಮತ್ತು ಹಳದಿ ಪಟ್ಟೆ, ಎಲ್ಲವೂ ತಲೆ ಬಗ್ಗಿಸಿಕೊಂಡಿದ್ದವು.

ಚಿಕ್ಕಬಳ್ಳಾಪುರದ ನರ್ಸರಿಯಲ್ಲಿ ತೋರಿಸಿದರೆ ‘ಸಕ್ಯುಲೆಂಟ್’, ಅಂದರೆ ಮೈಯಲ್ಲಿ ನೀರು ತುಂಬಿಟ್ಟುಕೊಳ್ಳುವ ಗಿಡ ಅಂದರು. ಪಕ್ಕದ ಮನೆಯವರು ‘ಕಳ್ಳಿ’ ಅಂದರು. ಕಳ್ಳಿ ಅನ್ನಲು ನನಗೆ ಮನಸ್ಸು ಒಪ್ಪಲಿಲ್ಲ. ಕಳ್ಳಿ ಅಂದರೆ ಮೊದಲು ನೆನಪಾಗುವುದು ಹಾಲು. ಕೊಂಬುಕಳ್ಳಿ, ಎಲೆಗಳ್ಳಿ ಯಾವುದನ್ನು ಮುರಿದರೂ ಬಿಳಿ ಹಾಲು ಒಸರುತ್ತದೆ, ಕಣ್ಣಿಗೆ ಬಿದ್ದರೆ ವಿಪರೀತ ಉರಿ. ಅಮೆರಿಕದಿಂದ ಬಂದ ಪಾಪಾಸುಕಳ್ಳಿಗೆ ಆ ಹಾಲಿಲ್ಲ. ಮುಳ್ಳು ನೋಡಿ ಅದನ್ನೂ ಕಳ್ಳಿಯ ಸಾಲಿಗೆ ಸೇರಿಸಿರಬೇಕು. ಈ ಗಿಡಕ್ಕೆ ಎರಡೂ ಇಲ್ಲ. ಮುರಿದರೆ ಬರುವುದು ನೀರಿನಂಥ ರಸ.

ಮೊನ್ನೆ ಅತ್ತೆ ಬಂದಿದ್ದರು. ಅವರ ಮನೆಮಾತು ತೆಲುಗು. ನೋಡಿದ ಕೂಡಲೇ ‘ಇದು ಕುಂದೇಟಿ ಕೊಮ್ಮು’ ಅಂದರು. ಕುರಿ ಕಾಯುವವರು ಹಸಿವು, ಬಾಯಾರಿಕೆ ಆದಾಗ ಇದನ್ನು ಹಸಿಯಾಗಿಯೇ ತಿನ್ನುತ್ತಿದ್ದರಂತೆ. ಆ ಹೆಸರು ಹಿಡಿದು ಹುಡುಕಿದಾಗ ಗಿಡದ ವೈಜ್ಞಾನಿಕ ಹೆಸರು ಸಿಕ್ಕಿತು: ಕ್ಯಾರಲ್ಯುಮ ಅಡ್ಸೆಂಡೆನ್ಸ್. ಎಕ್ಕದ ಕುಟುಂಬದ್ದು. ಈ ‘ಕ್ಯಾರಲ್ಯುಮ’ ಕೂಡ ನಮ್ಮ ಕಡೆಯ ಮಾತೇ ಇರಬೇಕು! ಗಿಡವನ್ನು 1795ರಲ್ಲಿ ವಿವರಿಸಿದ ಸಸ್ಯವಿಜ್ಞಾನಿ ರಾಕ್ಸ್‌ಬರ್ಗ್, ತೆಲುಗರು ಇದನ್ನು ‘ಕಾರ್ ಅಲ್ಲಂ’ ಅನ್ನುತ್ತಾರೆ ಎಂದು ಗುರುತು ಹಾಕಿಕೊಂಡಿದ್ದರು. ಅರಬ್ಬಿ ಮೂಲ ಹೇಳುವವರೂ ಇದ್ದಾರೆ. ನನಗೆ ತೆಲುಗೇ ಸರಿ ಅನ್ನಿಸುತ್ತದೆ. ಆದರೆ ತೆಲುಗಿನಲ್ಲಿ ‘ಅಲ್ಲಂ’ ಅಂದರೆ ಶುಂಠಿ ಅಲ್ವಾ? ಶುಂಠಿಗೂ ಇದಕ್ಕೂ ಏನು ನಂಟು?

ಕುಂದೇಲು ಅಂದರೆ ಮೊಲ, ಕೊಮ್ಮು ಅಂದರೆ ಕೊಂಬು. ಮೊಲಕ್ಕೆಲ್ಲಿ ಕೊಂಬು? ಇಲ್ಲದ ವಸ್ತುವಿಗೇ ‘ಮೊಲದ ಕೋಡು’ ಎನ್ನುವ ಹಳೆಯ ಮಾತು ನಮ್ಮಲ್ಲಿದೆ. ಹೆಸರು ಹೇಗೆ ಬಂತು ಅಂತ ತುಂಬಾ ದಿನ ತಲೆ ಕೆಡಿಸಿಕೊಂಡೆ. ಈ ಸಲ ಕಾಯಿ ಕಟ್ಟಿದಾಗ ಹೊಳೆಯಿತು. ಒಂದೇ ಹೂವಿನಿಂದ ಎರಡು ಸಪೂರ ಕಾಯಿಗಳು ಜೋಡಿಯಾಗಿ ನೆಟ್ಟಗೆ ಏಳುತ್ತವೆ. ದೂರದಿಂದ ಕಂಡರೆ ಕಿವಿ ನಿಮಿರಿಸಿ ನಿಂತ ಮೊಲವೇ. ಆ ಕಿವಿಯನ್ನೇ ಯಾರೋ ಕೊಂಬು ಅಂದಿರಬಹುದು. ಇದು ನನ್ನ ಊಹೆ. ಒಪ್ಪದವರು ಖಂಡಿತ ಹೇಳಿ.

ನನಗೆ ಬೇಕಿರುವುದು ಆಡುಮಾತಿನ ಕನ್ನಡ ಹೆಸರು. ಸಕ್ಯುಲೆಂಟ್‌ಗೆ ಬಳಸುವ ‘ರಸಭರಿತ ಸಸ್ಯ’ದಂಥ ಪದ ಪುಸ್ತಕಕ್ಕೆ ಸಾಕು, ಈ ಒಂದು ಗಿಡಕ್ಕೆ ಸಾಲದು. ತೆಲುಗಿನದನ್ನು ಸುಮ್ನೆ ‘ಮೊಲದ ಕೊಂಬು’ ಅಂತ ತಿರುಗಿಸಿಕೊಳ್ಳಲೂ ಇಷ್ಟವಿಲ್ಲ. ಪಾವಗಡ, ಮಧುಗಿರಿ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಕುರಿ ಮೇಯಿಸಿದ ಹಿರಿಯರು ನಿಮ್ಮ ಮನೆಗಳಲ್ಲಿದ್ದರೆ ದಯವಿಟ್ಟು ಕೇಳಿ ನೋಡಿ. ಕೇಳುವಾಗ ಮೊದಲೇ ತೆಲುಗು ಹೆಸರು ಹೇಳಬೇಡಿ. ಸಾಧ್ಯವಾದರೆ ಗಿಡವನ್ನೇ ತೋರಿಸಿ, ಅವರ ಬಾಯಿಂದ ಮೊದಲು ಬಂದ ಮಾತನ್ನು ಹಾಗೇ ಬರೆದು ಕಳಿಸಿ.