ಕಲಿಸಿದವರಿಗೇ ತಪ್ಪನ್ನು ಹೇಳುವುದು ಹೇಗೆ? ನಿಮ್ಮ ಅನುಭವ ಹಂಚಿಕೊಳ್ಳಿ

ಪ್ರಶ್ನೆ

ಎಂಟು ತಿಂಗಳ ಹಿಂದೆ ನನ್ನನ್ನು ಆರು ಜನರ ತಂಡಕ್ಕೆ ಟೀಮ್ ಲೀಡ್ ಮಾಡಿದರು. ತಂಡದಲ್ಲಿ ನನಗಿಂತ ಹತ್ತು ವರ್ಷ ಹಿರಿಯರೊಬ್ಬರಿದ್ದಾರೆ. ನಾನು ಹೊಸಬನಾಗಿ ಸೇರಿದಾಗ ಕೆಲಸ ಕಲಿಸಿದವರೂ ಅವರೇ. ಈಚೆಗೆ ಅವರ ತಿಂಗಳ ರಿಪೋರ್ಟುಗಳು ತಡವಾಗುತ್ತಿವೆ, ಲೆಕ್ಕದಲ್ಲಿ ತಪ್ಪುಗಳೂ ಉಳಿಯುತ್ತಿವೆ. ಹೇಳಿಬಿಡಬೇಕೆಂದು ಎರಡು ಸಲ ಕರೆದು, ಬೇರೇನೋ ಮಾತಾಡಿ ಕಳಿಸಿದ್ದೇನೆ. ಇದರ ನಡುವೆ ನನ್ನದೇ ಅಪ್ರೈಸಲ್‌ನಲ್ಲಿ ಮ್ಯಾನೇಜರ್ ಮೇಡಂ "ನಿಮ್ಮಲ್ಲಿ ಮುತುವರ್ಜಿ ಸಾಲದು" ಎಂದರು. ಸರಿ ಎಂದು ತಲೆಯಾಡಿಸಿ ಬಂದೆ. ಯಾವುದು ಸಾಲದು ಎಂಬುದು ಇಂದಿಗೂ ತಿಳಿದಿಲ್ಲ. ಈ ಎರಡೂ ಸ್ಥಿತಿಗಳನ್ನು ದಾಟಿ ಬಂದವರು ದಯವಿಟ್ಟು ತಿಳಿಸಿ.

ಲೆಕ್ಕಪತ್ರ ವಿಭಾಗದಲ್ಲಿ 22 ವರ್ಷ ಕಳೆದವರು

ನಾನೂ ಇದೇ ಇಕ್ಕಟ್ಟಿನಲ್ಲಿ ಸಿಲುಕಿದ್ದೆ. ಎರಡು ಹೊಗಳಿಕೆಗಳ ನಡುವೆ ಒಂದು ಟೀಕೆಯನ್ನಿಡುವ, ತರಬೇತಿಗಳಲ್ಲಿ "ಸ್ಯಾಂಡ್‌ವಿಚ್" ಎಂದು ಹೇಳಿಕೊಡುವ ವಿಧಾನವನ್ನು ನಂಬಿ, ಹಿರಿಯರೊಬ್ಬರ ಮುಂದೆ ಕುಳಿತು, ಅವರ ಅನುಭವವನ್ನು ಕೊಂಡಾಡಿ, ನಡುವೆ ಒಂದೇ ಸಾಲಿನಲ್ಲಿ ತಪ್ಪನ್ನು ತೇಲಿಸಿ, ಮತ್ತೆ ಕೊಂಡಾಡಿ ಎದ್ದೆ. ಅವರು ನಗುನಗುತ್ತ ಹೋದರು. ಮುಂದಿನ ತಿಂಗಳು ಅದೇ ತಪ್ಪು ಬಂತು. ಅವರನ್ನು ದೂರುವಂತಿರಲಿಲ್ಲ, ಏಕೆಂದರೆ ನಾನು ಹೇಳಿಯೇ ಇರಲಿಲ್ಲ. ಅದೇ ತಂಡದ ಕಿರಿಯನೊಬ್ಬನ ಮೇಲೆ ಈ ವಿಧಾನದ ಪರಿಣಾಮ ಬೇರೆಯೇ ಆಯಿತು: ನಾನು ಮನಸಾರೆ ಹೊಗಳಲು ಬಾಯಿ ತೆರೆದರೂ, ಮುಂದೇನೋ ಕಾದಿದೆ ಎಂದು ಅವನ ಮುಖ ಬಿಗಿಯುತ್ತಿತ್ತು.

ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಎಂಬ ಸಂಸ್ಥೆ ಬಳಕೆಗೆ ತಂದ ಒಂದು ಕ್ರಮ ಆಮೇಲೆ ನನ್ನ ಕೈಹಿಡಿಯಿತು. ಮೊದಲು ಸಂದರ್ಭವನ್ನು ಹೇಳಬೇಕು, ನಂತರ ಕಣ್ಣಿಗೆ ಕಂಡ ನಡೆಯನ್ನು, ಕೊನೆಗೆ ಅದರಿಂದಾದ ಪರಿಣಾಮವನ್ನು. "ನೀವು ಈಚೆಗೆ ಅಸಡ್ಡೆ ಮಾಡುತ್ತಿದ್ದೀರಿ" ಎಂಬ ಮಾತಿನಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. ಅದು ಸ್ವಭಾವದ ಮೇಲಿನ ತೀರ್ಪು. ನಾನು ಎರಡನೆಯ ಸಲ ಹೇಳಿದ್ದು ಹೀಗೆ: "ಸರ್, ಕಳೆದ ಮೂರು ರಿಪೋರ್ಟುಗಳಲ್ಲಿ ಎರಡು ಗಡುವು ದಾಟಿ ಎರಡು ದಿನಕ್ಕೆ ಬಂದವು. ಒಂದರಲ್ಲಿ ಮೊತ್ತ ತಾಳೆಯಾಗದೆ, ಆಡಿಟರ್ ಕೈಗೆ ಹೋದ ಕಡತವನ್ನು ವಾಪಸು ತರಿಸಬೇಕಾಯಿತು." ಇಷ್ಟು ಹೇಳಿ ಸುಮ್ಮನಾದೆ. ಈ ಸುಮ್ಮನಿರುವ ಕೆಲಸವೇ ಎಲ್ಲಕ್ಕಿಂತ ಕಷ್ಟದ್ದು. ಎದುರಿಗಿದ್ದವರ ಮುಖ ಬಾಡಿದ್ದು ಕಂಡ ಕೂಡಲೇ ನಾವೇ "ಪರವಾಗಿಲ್ಲ ಬಿಡಿ" ಎಂದು ಹೇಳಿದ್ದನ್ನೆಲ್ಲ ಅಳಿಸಿಬಿಡುತ್ತೇವೆ. ಅಂದು ತಡೆದುಕೊಂಡದ್ದರಿಂದ ತಿಳಿದುಬಂದ ಸಂಗತಿಯೇನೆಂದರೆ, ಇನ್ನೊಂದು ವಿಭಾಗದ ಅಂಕಿಅಂಶಗಳು ಅವರಿಗೆ ಗಡುವಿನ ದಿನ ಮಧ್ಯಾಹ್ನವಷ್ಟೇ ಸಿಗುತ್ತಿದ್ದವು, ಮತ್ತು ಆ ವಿಭಾಗಕ್ಕೆ ಹೊಸ ವೇಳಾಪಟ್ಟಿಯನ್ನು ಒಪ್ಪಿ ಸಹಿ ಹಾಕಿದವನು ನಾನೇ. ತಪ್ಪು ಮೊತ್ತಕ್ಕೆ ಅವರೇ ಹೊಣೆ ಹೊತ್ತರು. ತಡವಾದದ್ದಕ್ಕೆ ನಾನು ಕ್ಷಮೆ ಕೇಳಬೇಕಾಯಿತು.

ನಿಮ್ಮ ವಿಷಯದಲ್ಲಿ ಇನ್ನೊಂದು ಮಾತು. "ನನಗೆ ಕಲಿಸಿದವರು ನೀವು, ಅದಕ್ಕೇ ಇದನ್ನು ಹೇಳಲು ಸಂಕೋಚ" ಎಂದು ಮೊದಲೇ ಹೇಳಿಬಿಡಿ. ಅದು ನಿಜವಾದ್ದರಿಂದ ಸ್ಯಾಂಡ್‌ವಿಚ್ ಆಗುವುದಿಲ್ಲ.

ಎಚ್‌ಆರ್ ಕೆಲಸದಲ್ಲಿರುವವರು

ಮೇಲಿನ ಉತ್ತರಕ್ಕೆ ಅಧ್ಯಯನಗಳ ಆಧಾರವೂ ಇದೆ. ಫೀಡ್‌ಬ್ಯಾಕ್ ಕೊಟ್ಟರೆ ಒಳ್ಳೆಯದೇ ಆಗುತ್ತದೆ ಎಂಬುದು ನಮ್ಮ ವೃತ್ತಿಯವರ ಗಾಢ ನಂಬಿಕೆ. 1996ರಲ್ಲಿ ಅವ್ರಹಾಂ ಕ್ಲೂಗರ್ ಮತ್ತು ಏಂಜಲೋ ಡೆನಿಸಿ ಎಂಬ ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳಿಂದ 607 ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸರಾಸರಿಯಲ್ಲಿ ಕೆಲಸ ಸುಧಾರಿಸಿದ್ದು ನಿಜವಾದರೂ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಡೆ ಕೆಲಸ ಹದಗೆಟ್ಟಿತ್ತು. ಅವರು ಕೊಟ್ಟ ವಿವರಣೆಯೆಂದರೆ, ಕೇಳಿದವರ ಗಮನ ಕೆಲಸವನ್ನು ಬಿಟ್ಟು "ನಾನು ಎಂಥವನು" ಎಂಬ ಕಡೆಗೆ ತಿರುಗಿದಷ್ಟೂ ಫೀಡ್‌ಬ್ಯಾಕಿನ ಫಲ ಕುಗ್ಗುತ್ತದೆ. ಹೊಗಳಿಕೆಗೂ ಈ ಅಪಾಯ ತಪ್ಪಿದ್ದಲ್ಲ.

ಅಂಕಗಳ ವಿಷಯದಲ್ಲೂ ಎಚ್ಚರವಿರಲಿ. 2000ದಲ್ಲಿ ಪ್ರಕಟವಾದ, 4,492 ಮ್ಯಾನೇಜರುಗಳ ಮೌಲ್ಯಮಾಪನವನ್ನು ಪರಿಶೀಲಿಸಿದ ಅಧ್ಯಯನವೊಂದರಲ್ಲಿ, ಅಂಕಗಳ ವ್ಯತ್ಯಾಸದ ಅರ್ಧಕ್ಕಿಂತ ಹೆಚ್ಚು ಪಾಲು ಅಂಕ ಕೊಟ್ಟವರ ವೈಯಕ್ತಿಕ ಒಲವುಗಳಿಂದಲೇ ಬಂದಿತ್ತು. ವರ್ಷಕ್ಕೊಮ್ಮೆ ತುಂಬುವ ಫಾರಂನಲ್ಲಿ ಕೊನೆಯ ಎರಡು ತಿಂಗಳ ನೆನಪೇ ತುಂಬಿರುತ್ತದೆ ಎಂಬುದನ್ನು ನಾನು ಪ್ರತಿ ವರ್ಷ ಕಾಣುತ್ತೇನೆ. ಆದ್ದರಿಂದ ವಾರಕ್ಕೆರಡು ಸಾಲಾದರೂ ಬರೆದಿಟ್ಟುಕೊಳ್ಳಿ, ಒಳ್ಳೆಯದನ್ನೂ ಸೇರಿಸಿ.

ಹದಿನಾಲ್ಕು ವರ್ಷಗಳಿಂದ ಸಾಫ್ಟ್‌ವೇರ್ ಕೆಲಸದಲ್ಲಿರುವವರು

ನಾನು ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಟೀಕೆ ಕೇಳಿದಾಗ ನನ್ನ ಬಾಯಿಂದ ಬರುತ್ತಿದ್ದ ಮೊದಲ ಪದ "ಆದರೆ". ಈಗ ಕೈಯಲ್ಲಿ ಪೆನ್ನು ಹಿಡಿದು ಕೂರುತ್ತೇನೆ. ಬರೆಯುತ್ತಿರುವವಳಿಗೆ ವಾದಿಸಲು ಪುರುಸೊತ್ತಿರುವುದಿಲ್ಲ. ಒಂದು ರಾತ್ರಿ ಕಳೆಯಲು ಬಿಟ್ಟು ಮರುದಿನ ಹೋಗಿ, "ನೀವು ಹೇಳಿದ್ದನ್ನು ಯೋಚಿಸಿದೆ, ಒಂದು ಸಂದರ್ಭವನ್ನು ಹೇಳಿದರೆ ನನಗೆ ಅನುಕೂಲ" ಎಂದು ಕೇಳುತ್ತೇನೆ. "ಮುತುವರ್ಜಿ ಸಾಲದು" ಎಂಬ ಇದೇ ಮಾತು ನನಗೂ ಬಂದಿತ್ತು. ಕೇಳಿದಾಗ ತಿಳಿದದ್ದು ಸಣ್ಣ ಸಂಗತಿ: ಸರ್ವರ್ ಕೆಟ್ಟಾಗಲೆಲ್ಲ ನಾನು ಮೊದಲು ಅದನ್ನು ಸರಿಪಡಿಸಿ, ಆಮೇಲೆ ತಿಳಿಸುತ್ತಿದ್ದೆ, ನನ್ನ ಮ್ಯಾನೇಜರ್‌ಗೆ ಸುದ್ದಿ ಗ್ರಾಹಕರಿಂದ ಮೊದಲೇ ತಲುಪಿರುತ್ತಿತ್ತು. ಅವರು ಮುತುವರ್ಜಿ ಎಂದು ಕರೆದದ್ದು ಎರಡು ಸಾಲಿನ ಒಂದು ಮೆಸೇಜನ್ನು.

ಎಲ್ಲವನ್ನೂ ಒಪ್ಪಬೇಕೆಂದೂ ಇಲ್ಲ. "ಸಭೆಯಲ್ಲಿ ಸ್ವಲ್ಪ ಮೆತ್ತಗೆ ಮಾತಾಡಿ" ಎಂದು ಒಮ್ಮೆ ಹೇಳಿದರು. ಸಂದರ್ಭ ಕೇಳಿದೆ, ಹೇಳಿದರು. ಅದೇ ಸಭೆಯಲ್ಲಿ ನನ್ನಷ್ಟೇ ಖಡಾಖಂಡಿತವಾಗಿ ಮಾತಾಡಿದ್ದ ಪುರುಷ ಸಹೋದ್ಯೋಗಿಗೂ ಇದನ್ನೇ ಹೇಳಿದ್ದೀರಾ ಎಂದು ಶಾಂತವಾಗಿಯೇ ಕೇಳಿದೆ. ಉತ್ತರ ಬರಲಿಲ್ಲ. ಆ ಮಾತನ್ನು ನಾನು ಬರೆದಿಟ್ಟುಕೊಂಡೆನೇ ಹೊರತು ಪಾಲಿಸಲಿಲ್ಲ.

ಇನ್ನೊಬ್ಬ ಟೀಮ್ ಲೀಡ್

ಇದನ್ನು ಚಾಟ್‌ನಲ್ಲಿ ಮಾತ್ರ ಹೇಳಬೇಡಿ. "ಇದನ್ನು ಮತ್ತೊಮ್ಮೆ ನೋಡಿ" ಎಂದು ರಾತ್ರಿ ಹತ್ತಕ್ಕೆ ನಾನು ಕಳಿಸಿದ ಮೂರು ಪದಗಳನ್ನು ಒಬ್ಬರು ಇಡೀ ರಾತ್ರಿ ಓದಿದ್ದರಂತೆ. ನಾನು ಹೇಳಬಯಸಿದ್ದು ಒಂದು ಅಕ್ಷರದೋಷವನ್ನು.

ಪ್ರಶ್ನೆ ಕೇಳಿದವರು, ಎರಡು ವಾರಗಳ ನಂತರ

ಎಲ್ಲರಿಗೂ ಧನ್ಯವಾದ. ಮೊದಲು ಮೇಡಂ ಬಳಿಗೆ ಹೋಗಿ ಸಂದರ್ಭ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ನಿಮ್ಮ ತಂಡದ ರಿಪೋರ್ಟು ಮೂರು ತಿಂಗಳಿಂದ ತಡವಾಗುತ್ತಿದೆ, ಅದರ ಬಗ್ಗೆ ನೀವೇನೂ ಮಾಡಿದಂತೆ ಕಾಣಲಿಲ್ಲ" ಎಂದರು. ನನ್ನ ಎರಡು ಪ್ರಶ್ನೆಗಳೂ ಒಂದೇ ಆಗಿದ್ದವು ಎಂದು ತಿಳಿದು ನಗುವುದೋ ಅಳುವುದೋ ಗೊತ್ತಾಗಲಿಲ್ಲ. ಹಿರಿಯರ ಬಳಿ ಗುರುವಾರ ಮಧ್ಯಾಹ್ನ ಅರ್ಧ ಗಂಟೆ ಕೇಳಿಕೊಂಡಿದ್ದೇನೆ. ಯಾವ ವಿಷಯಕ್ಕೆಂದೂ ತಿಳಿಸಿದ್ದೇನೆ. ತಡವಾದ ರಿಪೋರ್ಟುಗಳ ತಾರೀಖುಗಳನ್ನು ಬರೆದಿಟ್ಟಿದ್ದೇನೆ, ಅವುಗಳ ಕೆಳಗೆ "ಇಷ್ಟು ಹೇಳಿ ಸುಮ್ಮನಿರುವುದು" ಎಂದೂ ಬರೆದುಕೊಂಡಿದ್ದೇನೆ.