ಟ್ರೆಕ್ಕಿಂಗು, ಕಾಡಿನ ವಿಡಿಯೋ ಇದ್ರಿಂದ ಕಾಡಿಗೇನಾದ್ರೂ ಉಪಯೋಗ ಇದ್ಯಾ?

ಚಾರಣಪ್ರಿಯ:
ಹೋದ ವಾರ ಕುಮಾರಪರ್ವತ ಹತ್ತಿ ಬಂದೆ, ಸುಸ್ತಿಗಿಂತ ಬೇಜಾರೇ ಜಾಸ್ತಿ ಆಯ್ತು. 2024 ಜನವರಿ ಲಾಂಗ್ ವೀಕೆಂಡಲ್ಲಿ ಸಾವಿರಾರು ಜನ ಒಟ್ಟಿಗೆ ನುಗ್ಗಿದ ವಿಡಿಯೋ ನೋಡಿರ್ತೀರ, ಅದಾದ್ಮೇಲೆ ಆನ್‌ಲೈನ್ ಬುಕ್ಕಿಂಗ್ ಬಂತು, ರಶ್ಶು ಅಷ್ಟಿಲ್ಲ ನಿಜ, ಆದ್ರೂ ಕಲ್ಲುಮಂಟಪದ ಹತ್ರ ಒಬ್ಬ ಸೇವ್ ವೆಸ್ಟರ್ನ್ ಘಾಟ್ಸ್ ಅಂತ ರೀಲ್ ಮಾಡ್ತಿದ್ದ, ಕೈಲಿದ್ದ ಚಾಕ್ಲೆಟ್ ಕವರ್ ಗಾಳಿಗೆ ಹಾರೋಯ್ತು, ಪುಣ್ಯಾತ್ಮ ತಿರುಗೂ ನೋಡ್ಲಿಲ್ಲ. ನಾವು ಹೋಗೋದ್ರಿಂದ, ಶೂಟ್ ಮಾಡೋದ್ರಿಂದ ಕಾಡು ಉಳಿಯತ್ತಾ, ಇಲ್ಲ ನಮ್ಮ ಸಮಾಧಾನಕ್ಕೆ ಹಾಗ್ ಹೇಳ್ಕೋತೀವಾ?

ಮಳೆಹುಳ:
ಉಳಿದಿದೆ ಸರ್. ಕುದುರೆಮುಖ ನೋಡಿ. ವನ್ಯಜೀವಿ ಫಿಲ್ಮ್ ಮಾಡೋ ಶೇಖರ್ ದತ್ತಾತ್ರಿ 2001ರಲ್ಲಿ ಅಲ್ಲಿನ ಕಬ್ಬಿಣದ ಅದಿರಿನ ಗಣಿ ಬಗ್ಗೆ ಚಿಕ್ಕ ಡಾಕ್ಯುಮೆಂಟರಿ ಮಾಡಿದ್ರು, ಗಣಿ ಮಣ್ಣು ಭದ್ರಾ ನದಿಗೆ ಇಳಿಯೋದು ಅದ್ರಲ್ಲಿತ್ತು. 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು, 2005ರ ಕೊನೆಗೆ ಗಣಿ ಬಂದ್.

ಸುಮ್ನೆಒಬ್ಬ:
ಅರ್ಧ ಕಥೆ ಹೇಳ್ಬೇಡಿ. ಕೋರ್ಟಿಗೆ ಹೋದೋರು ಯಾರು? ನಾಗರಹೊಳೆಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ. ಫಿಲ್ಮಿನ ಹಿಂದೆ ಕೇಸು, ದಾಖಲೆ, ಓಡಾಟ ಎಲ್ಲ ಇತ್ತು ಅದಕ್ಕೇ ಕೆಲ್ಸ ಆಯ್ತು. ಈಗಿನ ಡ್ರೋನ್ ಶಾಟು, ಸ್ಲೋ ಮೋಷನ್ ಹುಲಿ ನೋಡಿ ಯಾರು ಯಾವ ಗಣಿ ನಿಲ್ಸಿದಾರೆ? ಕಬಿನಿಗೆ ಹೋಗೋರು ಕೇಳೋದೂ ಒಂದೇ, ಕರಿಚಿರತೆ ಕಾಣ್ಸತ್ತಾ ಅಂತ.

ಕಳಸದವ:
ನಮ್ದು ಇಲ್ಲೇ ಮಾರಾಯ್ರೆ. ಟ್ರೆಕ್ಕಿಂಗಿಂದ ಜೀಪಿನವ್ರಿಗೆ, ಹೋಮ್‌ಸ್ಟೇಯವ್ರಿಗೆ ನಾಕು ಕಾಸು ಸಿಗ್ತದೆ, ಸುಳ್ಳು ಹೇಳೂದಿಲ್ಲ. ಗೈಡಾಗಿರೋ ನಮ್ಮೂರ ಹುಡುಗ್ರು ಬೇಸಿಗೇಲಿ ಗುಡ್ಡಕ್ಕೆ ಬೆಂಕಿ ಬಿದ್ರೆ ಮೊದ್ಲು ಫೋನ್ ಮಾಡ್ತಾರೆ, ಅದೂ ಒಂದು ಕಾವಲೇ ಅಲ್ವಾ. ಆದ್ರೆ ಈ ಹುಲ್ಲುಗುಡ್ಡ ಇದ್ಯಲ್ಲ, ನೋಡೂಕೆ ಖಾಲಿ ಜಾಗ ಅನ್ಸತ್ತೆ, ಫೋಟೋಗೆ ಅಂತ ದಾರಿ ಬಿಟ್ಟು ಅಡ್ಡಡ್ಡ ನಡೀತಾರೆ, ಹುಲ್ಲಿನ ಬೇರು ಸವೆದು ಹೋಗ್ತದೆ, ಮಳೆಗಾಲದಲ್ಲಿ ಅದೇ ಕಾಲ್ದಾರಿ ಮೊಣಕಾಲುದ್ದ ಚರಂಡಿ, ಮಣ್ಣೆಲ್ಲ ಹೊಳೆಗೆ. ಗಣಿಯಷ್ಟಲ್ಲ ಬಿಡಿ, ಆದ್ರೆ ಕೆಂಪು ನೀರು ಕಂಡ್ರೆ ಈಗ್ಲೂ ಎದೆ ಧಸಕ್ ಅಂತದೆ. ಮತ್ತೆ ಆ ಲೊಕೇಶನ್ ಹಾಕೂದು ಒಂದು ನಿಲ್ಸಿ ಮಾರಾಯ್ರೆ.

ಚಾರಣಪ್ರಿಯ:
@ಕಳಸದವ ತಪ್ಪಾಯ್ತು ಅಣ್ಣ. ನಿಮ್ಮ ಕಡೇದೇ ಒಂದು ಅಬ್ಬಿದು ಲೊಕೇಶನ್ ಹೋದ ವರ್ಷ ನಾನೇ ಹಾಕಿದ್ದೆ. ಈಗ ತೆಗೆದೆ, ನೋಡಿದ್ರೆ ಆಗ್ಲೇ ನಾನೂರು ಜನ ಸೇವ್ ಮಾಡ್ಕೊಂಡಿದ್ರು.