ಒಂದೇ ಟ್ಯೂಬಿನ ರಕ್ತಕ್ಕೆ ಎರಡು ಪ್ಲೇಟ್‌ಲೆಟ್ ಸಂಖ್ಯೆ: ಸ್ಮಿಯರ್‌ನಲ್ಲಿ ಏನು ನೋಡಬೇಕು?

ಪ್ರಶ್ನೆ: ತರಬೇತಿಯಲ್ಲಿರುವವಳು, ಮಂಡ್ಯ

ಎಲ್ಲರಿಗೂ ನಮಸ್ಕಾರ. ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಶಿಯನ್ ಡಿಪ್ಲೊಮಾ) ಎರಡನೆಯ ವರ್ಷದಲ್ಲಿ ಓದುತ್ತಿರುವ ನಾನು ಮಂಡ್ಯದ ಒಂದು ಲ್ಯಾಬಿನಲ್ಲಿ ತರಬೇತಿ ಪಡೆಯುತ್ತಿದ್ದೇನೆ. ಮೊನ್ನೆ ಹರ್ನಿಯಾ ಆಪರೇಷನ್‌ಗೆ ಮುಂಚಿನ ಪರೀಕ್ಷೆಗೆಂದು ಅರವತ್ತು ದಾಟಿದ ರೈತರೊಬ್ಬರು ಬಂದಿದ್ದರು. ಬೆಳಿಗ್ಗೆ ಹನ್ನೊಂದಕ್ಕೆ ಅವರ ಸಿಬಿಸಿ (ಎಲ್ಲ ರಕ್ತಕಣಗಳ ಎಣಿಕೆ) ಮಾಡಿದಾಗ ಪ್ಲೇಟ್‌ಲೆಟ್ 96,000 ಎಂದು ಬಂತು. ಅನುಮಾನವಾಗಿ ಮಧ್ಯಾಹ್ನ ಎರಡಕ್ಕೆ ಅದೇ ಟ್ಯೂಬನ್ನು ಮತ್ತೆ ಯಂತ್ರಕ್ಕೆ ಕೊಟ್ಟರೆ 41,000 ತೋರಿಸಿತು. ಹಿಮೋಗ್ಲೋಬಿನ್ 13.4, ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) 40, ಇವೆರಡೂ ಬದಲಾಗಲಿಲ್ಲ. ಅವರಿಗೆ ಜ್ವರವಿಲ್ಲ, ಮೈಮೇಲೆ ಕೆಂಪು ಚುಕ್ಕೆಗಳಿಲ್ಲ, ವಸಡಿನಲ್ಲಿ ರಕ್ತ ಬಂದದ್ದೂ ಇಲ್ಲ.

ಸ್ಮಿಯರ್ (ಗಾಜಿನ ಸ್ಲೈಡಿನ ಮೇಲೆ ತೆಳುವಾಗಿ ಹರಡಿದ ರಕ್ತ) ಮಾಡಿ ನೋಡು ಎಂದು ನಮ್ಮ ಸೀನಿಯರ್ ಹೇಳಿದರು. ಆದರೆ ನಾನು ಎಳೆದ ಸ್ಮಿಯರ್ ದಪ್ಪವಾಗಿ ಸ್ಲೈಡಿನ ಕೊನೆಯವರೆಗೂ ಹೋಯಿತು, ನಡುವೆ ತೂತುಗಳಾದವು, ಬಣ್ಣ ಹಾಕಿದ ಮೇಲೆ ಎಲ್ಲವೂ ನೀಲಿಯಾಗಿ ಕಂಡಿತು. ಮೂರು ಸಲ ಮಾಡಿದರೂ ಹೀಗೆಯೇ ಆಯಿತು. ಇದು ಯಂತ್ರದ ದೋಷವೇ, ರಕ್ತ ತೆಗೆದ ನನ್ನ ದೋಷವೇ ಅಥವಾ ನಿಜವಾಗಿಯೂ ಪ್ಲೇಟ್‌ಲೆಟ್ ಇಳಿಯುತ್ತಿದೆಯೇ ಎಂದು ತಿಳಿಯುವುದು ಹೇಗೆ? ವರದಿ ಇನ್ನೂ ಕೊಟ್ಟಿಲ್ಲ. ಅವರು ನಾಳೆ ಮತ್ತೆ ಬರುತ್ತಾರೆ.

ಉತ್ತರ 1: ಹಳೆಯ ಟೆಕ್ನಿಶಿಯನ್, ಮೈಸೂರು

ತಂಗಿ, ವರದಿ ಕೊಡದೆ ತಡೆದಿರಲ್ಲ, ಅದು ಬಹಳ ಒಳ್ಳೆಯ ಕೆಲಸವಾಯಿತು. ಬಹಳ ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಸಣ್ಣ ಲ್ಯಾಬಿನಲ್ಲಿ ಇಂಥದೇ ಸಂಖ್ಯೆಯನ್ನು ಹಾಗೆಯೇ ಬರೆದು ಕೊಟ್ಟುಬಿಟ್ಟೆವು. ಆ ಮನೆಯವರು ರಾತ್ರೋರಾತ್ರಿ ಕಾರು ಮಾಡಿಕೊಂಡು ಪ್ಲೇಟ್‌ಲೆಟ್ ಹುಡುಕುತ್ತಾ ಅಲೆದರು. ಮರುದಿನ ಬೇರೆ ಕಡೆ ಸ್ಮಿಯರ್ ನೋಡಿದವರು ಪ್ಲೇಟ್‌ಲೆಟ್ ಬೇಕಾದಷ್ಟಿದೆ ಎಂದರು. ಆ ಮನೆಯವರ ಮುಖ ಇಂದಿಗೂ ನನ್ನ ಕಣ್ಣಮುಂದಿದೆ.

ನಿಮ್ಮ ಪ್ರಶ್ನೆಯಲ್ಲಿಯೇ ಸುಳಿವಿದೆ: ಹೊತ್ತು ಕಳೆದಂತೆ ಸಂಖ್ಯೆ ಇಳಿದಿದೆ, ಮಿಕ್ಕದ್ದು ಇಳಿದಿಲ್ಲ. ಕೆಲವರ ರಕ್ತದಲ್ಲಿ, ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ತಾಗಿದಾಗ, ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇದು ದೇಹದೊಳಗೆ ಆಗುವ ತೊಂದರೆಯಲ್ಲ, ಟ್ಯೂಬಿನಲ್ಲಿ ಮಾತ್ರ ಆಗುವುದು. ನಾವು ಬಳಸುವ ಬಹುಪಾಲು ಯಂತ್ರಗಳು, ವಾಲೇಸ್ ಕೋಲ್ಟರ್ 1953ರಲ್ಲಿ ಪೇಟೆಂಟ್ ಪಡೆದ ತತ್ತ್ವದಂತೆ, ಸಣ್ಣ ರಂಧ್ರದ ಮೂಲಕ ಕಣಗಳು ಒಂದೊಂದಾಗಿ ಹಾಯುವಾಗ ವಿದ್ಯುತ್ ಪ್ರವಾಹಕ್ಕೆ ಆಗುವ ಅಡ್ಡಿಯನ್ನು ಅಳೆದು, ಗಾತ್ರ ನೋಡಿ ಇದು ಪ್ಲೇಟ್‌ಲೆಟ್, ಇದು ಕೆಂಪು ಕಣ ಎಂದು ವಿಂಗಡಿಸುತ್ತವೆ. ಇಪ್ಪತ್ತು ಪ್ಲೇಟ್‌ಲೆಟ್ ಒಂದು ಮುದ್ದೆಯಾಗಿ ಹಾದುಹೋದರೆ ಯಂತ್ರಕ್ಕೆ ಅದು ಪ್ಲೇಟ್‌ಲೆಟ್ ಎಂದು ತಿಳಿಯುವುದೇ ಇಲ್ಲ. ಕೆಲವೊಮ್ಮೆ ಬಿಳಿ ಕಣವೆಂದು ಎಣಿಸಿಬಿಡುತ್ತದೆ. ಇದಕ್ಕೆ ತಿರುಗುಮುರುಗಾಗಿ, ಕಬ್ಬಿಣಾಂಶ ತೀರಾ ಕಡಿಮೆಯಿದ್ದು ಕೆಂಪು ಕಣಗಳು ಬಹಳ ಸಣ್ಣದಾಗಿರುವವರಲ್ಲಿ ಆ ಸಣ್ಣ ಕಣಗಳೇ ಪ್ಲೇಟ್‌ಲೆಟ್ ಲೆಕ್ಕಕ್ಕೆ ಸೇರಿಕೊಳ್ಳುವುದೂ ಉಂಟು.

ರಕ್ತ ತೆಗೆಯುವಾಗಿನ ತಪ್ಪಿನಿಂದಲೂ ಹೀಗಾಗಬಹುದು. ಸೂಜಿ ಸರಿಯಾಗಿ ಸಿಗದೆ ರಕ್ತ ತೊಟ್ಟಿಕ್ಕುತ್ತಾ ಬಂದಿದ್ದರೆ, ತುಂಬಿದ ಕೂಡಲೇ ಟ್ಯೂಬನ್ನು ಎಂಟು ಹತ್ತು ಸಲ ನಿಧಾನವಾಗಿ ಬೋರಲು ಮಾಡಿ ಬೆರೆಸದಿದ್ದರೆ, ಒಳಗೆ ಸಣ್ಣ ಹೆಪ್ಪು ಕಟ್ಟುತ್ತದೆ. ಮರದ ಕಡ್ಡಿಯೊಂದನ್ನು ಟ್ಯೂಬಿನೊಳಗೆ ಆಡಿಸಿ, ಎಳೆ ಸಿಕ್ಕುತ್ತದೆಯೇ ಎಂದು ಮೊದಲು ನೋಡಿ. ಹೆಪ್ಪು ಸಿಕ್ಕಿದರೆ ಆ ಟ್ಯೂಬನ್ನು ಬಿಟ್ಟು ಹೊಸದಾಗಿ ರಕ್ತ ತೆಗೆಯಬೇಕು.

ಇನ್ನು ಸ್ಮಿಯರ್. ನೀವು ಇಡುವ ಹನಿ ದೊಡ್ಡದು ಎಂದು ನನ್ನ ಅಂದಾಜು. ಅದು ಎರಡು ಮೂರು ಮಿಲಿಮೀಟರ್ ಅಗಲ ಇದ್ದರೆ ಸಾಕು. ಸ್ಲೈಡಿನ ತುದಿಯಿಂದ ಒಂದು ಸೆಂಟಿಮೀಟರ್ ಒಳಗೆ ಇಡಿ. ರಕ್ತ ಹರಡಲು ಬಳಸುವ ಇನ್ನೊಂದು ಸ್ಲೈಡನ್ನು (ಸ್ಪ್ರೆಡರ್) ಮೂವತ್ತರಿಂದ ನಲವತ್ತೈದು ಡಿಗ್ರಿ ಓರೆಯಾಗಿ ಹಿಡಿದು, ಹಿಂದಕ್ಕೆ ಎಳೆದು ಹನಿಗೆ ತಾಗಿಸಿ. ರಕ್ತ ಅದರ ಅಂಚಿನುದ್ದಕ್ಕೂ ಹರಿದು ಇನ್ನೇನು ಎರಡೂ ಬದಿಯನ್ನು ಮುಟ್ಟಬೇಕು ಎನ್ನುವಾಗ, ಒತ್ತದೆ, ನಿಲ್ಲದೆ, ಒಂದೇ ಉಸಿರಿಗೆ ಮುಂದಕ್ಕೆ ತಳ್ಳಿ. ಇಲ್ಲಿ ಕೈ ಅನುಮಾನಿಸಿದರೆ ಸ್ಮಿಯರ್ ಮೇಲೆ ಅಡ್ಡಪಟ್ಟೆ ಏಳುತ್ತದೆ. ಕಾದ ಹೆಂಚಿನ ಮೇಲೆ ಹಿಟ್ಟು ಹರಡುವವರು ಸೌಟನ್ನು ನಡುವೆ ನಿಲ್ಲಿಸುವುದಿಲ್ಲವಲ್ಲ, ಹಾಗೆ. ಚೆನ್ನಾಗಿ ಬಂದ ಸ್ಮಿಯರ್ ನಾಲಿಗೆಯ ಆಕಾರದಲ್ಲಿ, ಸ್ಲೈಡಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉದ್ದವಿದ್ದು, ಕೊನೆಯಲ್ಲಿ ಗರಿಯಂತೆ ತೆಳುವಾಗಿ ಮಾಯವಾಗುತ್ತದೆ. ಓರೆ ಹೆಚ್ಚಿದಷ್ಟೂ, ವೇಗ ಹೆಚ್ಚಿದಷ್ಟೂ ಸ್ಮಿಯರ್ ಗಿಡ್ಡವಾಗಿ ದಪ್ಪವಾಗುತ್ತದೆ. ಆದ್ದರಿಂದ ರಕ್ತಹೀನತೆ ಇರುವವರ ನೀರಾದ ರಕ್ತಕ್ಕೆ ಓರೆಯನ್ನು ಸ್ವಲ್ಪ ಹೆಚ್ಚಿಸುತ್ತೇವೆ.

ತೂತುಗಳಿಗೆ ಕಾರಣ ಜಿಡ್ಡು. ಸ್ಲೈಡನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ. ನೀಲಿ ಬಣ್ಣಕ್ಕೆ ಕಾರಣ ಬಹುಶಃ ನೀರು. ಬೋರ್‌ವೆಲ್ ನೀರು ಕ್ಷಾರೀಯವಾಗಿದ್ದರೆ ಲೀಶ್ಮನ್ ಸ್ಟೇನಿನಲ್ಲಿ (ರಕ್ತಕಣಗಳಿಗೆ ಹಾಕುವ ಬಣ್ಣ) ಕೆಂಪು ಕಣಗಳೂ ನೀಲಿ ಬೂದಿಯಾಗಿ ಕಾಣುತ್ತವೆ, ಪಿಎಚ್ 6.8ರ ಬಫರ್ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) ಬಳಸಲೇಬೇಕು. ಸ್ಟೇನ್ ಹಾಕಿ ಎರಡು ನಿಮಿಷ, ಅದರ ಎರಡರಷ್ಟು ಬಫರ್ ಸೇರಿಸಿ ಊದಿ ಬೆರೆಸಿದ ಮೇಲೆ ಸುಮಾರು ಹತ್ತು ನಿಮಿಷ ಬಿಡಿ. ಮಳೆಗಾಲದಲ್ಲಿ ಸ್ಮಿಯರ್ ಬೇಗ ಒಣಗದಿದ್ದರೆ ಕೆಂಪು ಕಣಗಳ ಒಳಗೆ ಹೊಳೆಯುವ ಉಂಗುರಗಳು ಕಾಣುತ್ತವೆ. ಅದನ್ನು ರೋಗವೆಂದು ತಿಳಿಯಬೇಡಿ.

ಉತ್ತರ 2: ಪೆಥಾಲಜಿ ವೈದ್ಯೆ, ಮೈಸೂರು

ಮೇಲಿನ ಉತ್ತರದಲ್ಲಿ ಬಹುಪಾಲು ಎಲ್ಲವೂ ಬಂದಿದೆ. ನೋಡುವ ಕ್ರಮದ ಬಗ್ಗೆ ಮಾತ್ರ ಸೇರಿಸುತ್ತೇನೆ, ಏಕೆಂದರೆ ವಿದ್ಯಾರ್ಥಿಗಳು ನೇರವಾಗಿ ಎಣ್ಣೆ ಹಾಕಿ ನೂರರ ಲೆನ್ಸಿಗೆ ಹೋಗಿಬಿಡುತ್ತಾರೆ. ಪ್ಲೇಟ್‌ಲೆಟ್ ಮುದ್ದೆಗಳು ದೊಡ್ಡದಾದ್ದರಿಂದ ಸ್ಮಿಯರ್ ಎಳೆಯುವಾಗ ತುದಿಗೆ ತಳ್ಳಲ್ಪಡುತ್ತವೆ. ಆದ್ದರಿಂದ ಹತ್ತರ ಲೆನ್ಸಿನಲ್ಲಿ ಮೊದಲು ಗರಿಯಂಥ ತುದಿಯನ್ನು ಉದ್ದಕ್ಕೂ ನೋಡಬೇಕು. ಆಮೇಲೆ ಕೆಂಪು ಕಣಗಳು ಒಂದರ ಪಕ್ಕ ಒಂದು ಬಿಡಿಯಾಗಿ ಇರುವ ಜಾಗಕ್ಕೆ ಬಂದು, ನೂರರ ಲೆನ್ಸಿನಲ್ಲಿ ಹತ್ತು ಕ್ಷೇತ್ರಗಳ (ಲೆನ್ಸಿನಲ್ಲಿ ಒಮ್ಮೆಗೆ ಕಾಣುವ ಜಾಗ) ಪ್ಲೇಟ್‌ಲೆಟ್ ಎಣಿಸಿ, ಸರಾಸರಿಯನ್ನು 15,000ದಿಂದ ಗುಣಿಸಿದರೆ ಸ್ಥೂಲ ಅಂದಾಜು ಸಿಗುತ್ತದೆ. ತೀರಾ ತುದಿಯಲ್ಲಿ ಪ್ರತಿ ಕೆಂಪು ಕಣದ ಮಧ್ಯದ ತಿಳಿಭಾಗ ಅಳಿಸಿಹೋಗಿರುತ್ತದೆ, ದಪ್ಪ ಭಾಗದಲ್ಲಿ ನಾಣ್ಯ ಜೋಡಿಸಿದಂತೆ ಸಾಲುಗಟ್ಟಿರುತ್ತವೆ. ಅವೆರಡು ಕಡೆ ಕೆಂಪು ಕಣದ ಆಕಾರದ ಬಗ್ಗೆ ತೀರ್ಮಾನ ಬೇಡ.

ಮುದ್ದೆಗಳು ಕಂಡರೆ ನಾಳೆ ಅವರಿಂದ ಇಡಿಟಿಎ ಬದಲು ಸಿಟ್ರೇಟ್ ಎಂಬ ಬೇರೆ ಹೆಪ್ಪುನಿರೋಧಕವಿರುವ ನೀಲಿ ಮುಚ್ಚಳದ ಟ್ಯೂಬಿಗೂ ರಕ್ತ ತೆಗೆದು, ತಡಮಾಡದೆ ಎಣಿಸಿ. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ದ್ರವ ಬೆರೆತಿರುವುದರಿಂದ ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಬೇಕು. ಟ್ಯೂಬನ್ನು ಗುರುತಿನ ಗೆರೆಯವರೆಗೆ ತುಂಬದಿದ್ದರೆ ಈ ಲೆಕ್ಕವೇ ತಪ್ಪುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಮಳೆ ಶುರುವಾದ ಮೇಲೆ ನಮ್ಮ ಮೈಸೂರು ಮಂಡ್ಯ ಕಡೆ ಡೆಂಗಿ ಜ್ವರ ಬರುತ್ತದೆ, ಆಗ ಪ್ಲೇಟ್‌ಲೆಟ್ ನಿಜವಾಗಿಯೂ ಇಳಿಯುತ್ತದೆ. ಜ್ವರವಿದ್ದು, ಪ್ಲೇಟ್‌ಲೆಟ್ ಬೇಗ ಇಳಿಯುತ್ತಾ ಪಿಸಿವಿ ಏರುತ್ತಿದ್ದರೆ ಅದು ಅಪಾಯದ ಸೂಚನೆ. ಮುದ್ದೆ ಇರಬಹುದು ಎಂದುಕೊಂಡು ಕೂರದೆ ವೈದ್ಯರಿಗೆ ಕೂಡಲೇ ಫೋನ್ ಮಾಡಬೇಕು.

ಪ್ರಶ್ನೆ ಕೇಳಿದವಳು

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಕಡ್ಡಿ ಆಡಿಸಿದೆ, ಹೆಪ್ಪು ಇರಲಿಲ್ಲ. ಹನಿ ಚಿಕ್ಕದು ಮಾಡಿ ಎಳೆದಾಗ ನಾಲ್ಕನೆಯ ಸ್ಲೈಡಿನಲ್ಲಿ ಗರಿಯಂಥ ತುದಿ ಬಂತು. ಹತ್ತರ ಲೆನ್ಸಿನಲ್ಲಿ ನೋಡಿದರೆ ಆ ತುದಿಯುದ್ದಕ್ಕೂ ನೇರಳೆ ಬಣ್ಣದ ಮುದ್ದೆಗಳು, ಕೆಲವು ಬಿಳಿ ಕಣಕ್ಕಿಂತ ದೊಡ್ಡವು. ಇಂದು ಅವರು ಬಂದಾಗ ಸಿಟ್ರೇಟ್ ಟ್ಯೂಬಿಗೆ ರಕ್ತ ತೆಗೆದು ಕೂಡಲೇ ಓಡಿಸಿದೆವು: 1,74,000 ಬಂತು, ಗುಣಿಸಿದ ಮೇಲೆ 1,91,400. ವರದಿಯಲ್ಲಿ ಇಡಿಟಿಎ ಟ್ಯೂಬಿನಲ್ಲಿ ಮುದ್ದೆಗಟ್ಟಿದ ವಿಷಯವನ್ನೂ ಬರೆಯಬೇಕೇ?

ಉತ್ತರ 2ರವರು

ಖಂಡಿತ ಬರೆಯಬೇಕು, ಆ ರೈತರಿಗೂ ಬಾಯಿಮಾತಿನಲ್ಲಿ ತಿಳಿಸಿ. ಮುಂದೆ ಯಾವ ಊರಿನಲ್ಲಿ ರಕ್ತ ಕೊಟ್ಟರೂ ನೇರಳೆ ಟ್ಯೂಬಿನಲ್ಲಿ ಇದೇ ತೊಂದರೆ ಮರುಕಳಿಸಬಹುದು. ಆಗ ಈ ವರದಿ ತೋರಿಸಲಿ.